ಮಾಗಿದ ಹಾಸಿಗೆ ಹುಣ್ಣು ಮತ್ತೆ ಬಾಯಿ ಬಿಡುವುದೇಕೆ?

ಕಾಸರಗೋಡು: 2019ರ ದೀಪಾವಳಿಗೆ ನಮ್ಮ ಅಕ್ಕನ ಮನೆಯಲ್ಲಿ ಪಾಯಸ ಮಾಡಿದ್ದರು. ಹಬ್ಬಕ್ಕಿಂತ ಹೆಚ್ಚಾಗಿ ಅದು ಭಾವನ ಹುಣ್ಣು ಗುಣವಾದ ಸಂತೋಷಕ್ಕೆ. ಮೂರು ವರ್ಷದ ಹಿಂದೆ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಬಲ ಕಳೆದುಕೊಂಡಿದ್ದ ಭಾವನಿಗೆ ಎಡಗಡೆ ಪೃಷ್ಠದಲ್ಲಿ ಎಲುಬು ಕಾಣುವಷ್ಟು ಆಳದ ಹುಣ್ಣಾಗಿತ್ತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಪಕ್ಕದ ಮಾಂಸಖಂಡವನ್ನೇ ಸರಿಸಿ ಮುಚ್ಚಿದ್ದರು. ಗಾಯ ಚೆನ್ನಾಗಿ ಕೂಡಿತು. ಹೊಲಿಗೆ ಬಿಚ್ಚಿದರು. ಮನೆಗೆ ಕಳುಹಿಸಿದರು.

ಸರಿಯಾಗಿ ನಾಲ್ಕು ತಿಂಗಳಿಗೆ, ಒಂದು ಬೆಳಿಗ್ಗೆ ಹಾಸಿಗೆಯ ಬಟ್ಟೆ ಬದಲಿಸುವಾಗ ಅಕ್ಕನಿಗೆ ಒಂದು ರೂಪಾಯಿ ನಾಣ್ಯದಷ್ಟಗಲದ ಹಳದಿ ಕಲೆ ಕಂಡಿತು. ಅದೇ ಜಾಗ, ಅದೇ ಎಲುಬು. "ಇಷ್ಟೆಲ್ಲ ಮಾಡಿಯೂ ಹೀಗಾಯಿತಲ್ಲ ತಮ್ಮಾ, ನಾನು ಎಲ್ಲಿ ತಪ್ಪಿದೆ?" ಎಂದು ಫೋನಿನಲ್ಲಿ ಕೇಳಿದಳು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ವೈದ್ಯರನ್ನು, ದಾದಿಯರನ್ನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮರದಿಂದ ಬಿದ್ದವರು, ಪಾರ್ಶ್ವವಾಯು ಬಡಿದವರು, ಎಂಡೋಸಲ್ಫಾನ್ ಪೀಡಿತ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು - ಇವರಲ್ಲಿ ಒಬ್ಬರಾದರೂ ಇಲ್ಲದ ಊರು ನಮ್ಮ ಗಡಿನಾಡಿನಲ್ಲಿ ಕಡಿಮೆ. ಅಕ್ಕ ಕೇಳಿದ ಪ್ರಶ್ನೆಯನ್ನು ಎಷ್ಟೋ ಮನೆಗಳಲ್ಲಿ ಎಷ್ಟೋ ಮಂದಿ ತಮಗೆ ತಾವೇ ಕೇಳಿಕೊಂಡಿರುತ್ತಾರೆ.

ಮೊದಲಿಗೆ, ಹುಣ್ಣು ಹುಟ್ಟುವ ಬಗೆ

ನಾವು ಬೆಡ್ ಸೋರ್, ಹಾಸಿಗೆ ಹುಣ್ಣು ಎನ್ನುವ ಈ ಗಾಯಕ್ಕೆ ಹಾಸಿಗೆ ಕಾರಣವಲ್ಲ, ಒತ್ತಡ ಕಾರಣ. ಕುರ್ಚಿಯಲ್ಲಿ ಕುಳಿತವರಿಗೂ ಬರುತ್ತದೆ. ಹಾಗಾಗಿಯೇ ವೈದ್ಯರು ಇದನ್ನು ಒತ್ತಡದ ಹುಣ್ಣು ಎನ್ನುತ್ತಾರೆ. ಎಲುಬು ಒಳಗಿನಿಂದ, ಹಾಸಿಗೆ ಅಥವಾ ಕುರ್ಚಿ ಹೊರಗಿನಿಂದ ಒತ್ತುವಾಗ ನಡುವಿನ ಚರ್ಮ, ಕೊಬ್ಬು, ಮಾಂಸಗಳ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ರಕ್ತ ಹೋಗದಿದ್ದರೆ ಆ ಭಾಗ ಸಾಯುತ್ತದೆ.

ಸಣ್ಣ ರಕ್ತನಾಳಗಳ ಒಳಗಿನ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸದಷ್ಟು ಎಂದು 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಅಳೆದಿದ್ದರು. ನಮ್ಮ ಬಿ.ಪಿ. ನೋಡುವಾಗ 120, 80 ಎನ್ನುತ್ತಾರಲ್ಲ, ಅದೇ ಅಳತೆ. ಈ 32 ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ಗೆರೆಯಲ್ಲ ಎಂದು ಈಗ ತಿಳಿದಿದೆ. ಆದರೂ ಹೋಲಿಕೆಗೆ ಉಪಯೋಗಕ್ಕೆ ಬರುತ್ತದೆ. ಗಟ್ಟಿ ಕುರ್ಚಿಯಲ್ಲಿ ಕುಳಿತಾಗ ಪೃಷ್ಠದ ಎಲುಬಿನ ಅಡಿಯಲ್ಲಿ ಒತ್ತಡ ನೂರನ್ನು ಸುಲಭವಾಗಿ ಮೀರುತ್ತದೆ. ನಮಗೆಲ್ಲ ಹುಣ್ಣಾಗುವುದಿಲ್ಲ, ಏಕೆಂದರೆ ನೋವಾದ ಕೂಡಲೇ ನಮಗೆ ಗೊತ್ತಿಲ್ಲದೆಯೇ ಮಗ್ಗುಲು ಬದಲಿಸುತ್ತೇವೆ. ಸಿನೆಮಾ ನೋಡುತ್ತ ಕುಳಿತವರನ್ನು ಗಮನಿಸಿ, ಹತ್ತು ನಿಮಿಷ ಯಾರೂ ಒಂದೇ ಭಂಗಿಯಲ್ಲಿ ಇರುವುದಿಲ್ಲ. ನೋವೇ ತಿಳಿಯದವರಿಗೆ, ತಿಳಿದರೂ ಹೊರಳಲಾಗದವರಿಗೆ ಈ ರಕ್ಷಣೆ ಇಲ್ಲ.

ಒತ್ತಡದ ಜತೆಗೆ ಇನ್ನೆರಡು ಶತ್ರುಗಳಿವೆ. ಒಂದು, ಎಳೆತ. ದಿಂಬಿಗೆ ಒರಗಿ ಕುಳಿತ ರೋಗಿ ನಿಧಾನಕ್ಕೆ ಕೆಳಗೆ ಜಾರುವಾಗ ಚರ್ಮ ಬಟ್ಟೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಎಲುಬು ಮಾತ್ರ ಜಾರುತ್ತದೆ. ನಡುವಿನ ರಕ್ತನಾಳಗಳು ತಿರುಚಿಕೊಳ್ಳುತ್ತವೆ. ಇನ್ನೊಂದು, ಒದ್ದೆ. ಮೂತ್ರ, ಮಲ, ಬೆವರಿನಲ್ಲಿ ನೆನೆದ ಚರ್ಮ ನೀರಿನಲ್ಲಿ ನೆನೆದ ಕಾಗದದಂತೆ ಬೇಗ ಹರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ನಮ್ಮ ಕರಾವಳಿಯಲ್ಲಿ ಇದು ಸಣ್ಣ ವಿಷಯವಲ್ಲ.

ಹುಣ್ಣಿನ ಆಳವನ್ನು ನಾಲ್ಕು ಹಂತಗಳಲ್ಲಿ ಹೇಳುತ್ತಾರೆ. ಚರ್ಮ ಒಡೆಯದೆ ಕೆಂಪಾಗಿ, ಒತ್ತಿದರೂ ಬಿಳುಪಾಗದೆ ಇದ್ದರೆ ಒಂದನೆಯ ಹಂತ. ಮೇಲ್ಚರ್ಮ ಕಿತ್ತುಹೋದರೆ ಅಥವಾ ನೀರ್ಗುಳ್ಳೆ ಎದ್ದರೆ ಎರಡನೆಯದು. ಚರ್ಮದ ಪೂರ್ತಿ ದಪ್ಪ ಹೋಗಿ ಕೊಬ್ಬು ಕಂಡರೆ ಮೂರನೆಯದು. ಮಾಂಸಖಂಡ, ಎಲುಬಿನವರೆಗೆ ಹೋದರೆ ನಾಲ್ಕನೆಯದು.

ಮಾಗುವುದು ಎಂದರೆ ಮೊದಲಿನಂತಾಗುವುದಲ್ಲ

ಅಕ್ಕನ ಪ್ರಶ್ನೆಗೆ ಉತ್ತರದ ಮೊದಲ ಭಾಗ ಇಲ್ಲಿದೆ. ಒಂದು, ಎರಡನೆಯ ಹಂತದ ಹುಣ್ಣು ಮಾಗಿದರೆ ಹೆಚ್ಚುಕಡಿಮೆ ಮೊದಲಿನ ಚರ್ಮವೇ ಬರುತ್ತದೆ. ಮೂರು ಮತ್ತು ನಾಲ್ಕನೆಯ ಹಂತದ ಹುಣ್ಣು ಹಾಗಲ್ಲ. ಹೋದ ಕೊಬ್ಬು, ಮಾಂಸ ಮರಳಿ ಹುಟ್ಟುವುದಿಲ್ಲ. ಆ ಗುಂಡಿಯನ್ನು ದೇಹ ಒಂದು ಬಗೆಯ ನಾರಿನಿಂದ ತುಂಬಿ, ಮೇಲೆ ತೆಳ್ಳಗಿನ ಚರ್ಮ ಹೊದಿಸುತ್ತದೆ. ಮಣ್ಣಿನ ಗೋಡೆಯಲ್ಲಿ ಬಿದ್ದ ತೂತಿಗೆ ಮಣ್ಣು ಮೆತ್ತಿ ಸುಣ್ಣ ಬಳಿದಂತೆ. ನೋಡಲು ಒಂದೇ ರೀತಿ ಕಂಡರೂ ಮಳೆಗೆ ಮೊದಲು ಬಿಡುವುದು ಮೆತ್ತಿದ ಜಾಗವೇ.

ಗಾಯ ಕೂಡಿ ಮೂರು ವಾರಕ್ಕೆ ಆ ಜಾಗಕ್ಕೆ ಬಂದಿರುವ ಬಲ ಮೂಲ ಚರ್ಮದ ಕಾಲು ಭಾಗದಷ್ಟು ಮಾತ್ರ. ಮೂರು ತಿಂಗಳಲ್ಲಿ ಅದು ಶೇ. 80ರ ಆಸುಪಾಸಿಗೆ ಏರಬಹುದು. ಅದಕ್ಕಿಂತ ಮೇಲೆ ಎಂದಿಗೂ ಹೋಗುವುದಿಲ್ಲ. ಹೊಲಿಗೆ ಬಿಚ್ಚಿದ ದಿನ ಹೊರಗಿನಿಂದ ಗುಣವಾದಂತೆ ಕಂಡರೂ ಒಳಗೆ ಕೆಲಸ ಅರ್ಧವೂ ಮುಗಿದಿರುವುದಿಲ್ಲ ಎಂದಾಯಿತು. ಬಹಳ ಮಂದಿಗೆ ಎಡವಟ್ಟಾಗುವುದು ಈ ಎರಡು ಮೂರು ತಿಂಗಳಲ್ಲೇ. ಗುಣವಾಯಿತೆಂದು ಮನೆಯವರ ಎಚ್ಚರ ಇಳಿಯುತ್ತದೆ, ಅದೇ ಹೊತ್ತಿಗೆ ರೋಗಿ ಹೆಚ್ಚು ಹೊತ್ತು ಕುಳಿತುಕೊಳ್ಳತೊಡಗುತ್ತಾನೆ.

ಮಾಗಿದ ನಾಲ್ಕನೆಯ ಹಂತದ ಹುಣ್ಣನ್ನು ವೈದ್ಯರು 'ಮಾಗಿದ ನಾಲ್ಕನೆಯ ಹಂತ' ಎಂದೇ ಬರೆಯುತ್ತಾರೆ. ಅದು ಮೂರಾಗಿ, ಎರಡಾಗಿ, ಒಂದಾಗಿ ಇಳಿಯಿತು ಎಂದು ಬರೆಯುವ ಕ್ರಮವಿಲ್ಲ. ಆ ಜಾಗ ಜೀವನಪರ್ಯಂತ ದುರ್ಬಲ ಎಂಬ ಎಚ್ಚರಿಕೆ ಆ ಮಾತಿನಲ್ಲೇ ಇದೆ.

ಎಷ್ಟು ಮಂದಿಗೆ ಮರುಕಳಿಸುತ್ತದೆ?

ಅಧ್ಯಯನದಿಂದ ಅಧ್ಯಯನಕ್ಕೆ ಲೆಕ್ಕ ಬಹಳ ಬದಲಾಗುತ್ತದೆ. ಅಮೆರಿಕದ ಬಾಲ್ಟಿಮೋರ್‌ನ ವೈದ್ಯರು 1992ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಬಹಳ ಮಂದಿಯ ಕಣ್ಣು ತೆರೆಸಿತು. ಶಸ್ತ್ರಚಿಕಿತ್ಸೆಯಾದ ಹುಣ್ಣುಗಳಲ್ಲಿ ಶೇ. 80ರಷ್ಟು ಆಸ್ಪತ್ರೆ ಬಿಡುವಾಗ ಮಾಗಿದ್ದವು. ಆದರೆ ವರ್ಷ ತುಂಬುವ ಮೊದಲೇ ಶೇ. 61ರಷ್ಟು ಮರಳಿ ಬಂದಿದ್ದವು. ಅಪಘಾತದಲ್ಲಿ ಬೆನ್ನುಹುರಿ ಮುರಿದ ಯುವಕರಲ್ಲಿ ಇದು ಇನ್ನೂ ಹೆಚ್ಚು. 1997ರಲ್ಲಿ ಬೆನ್ನುಹುರಿ ಪೆಟ್ಟಿನ 176 ಮಾಜಿ ಸೈನಿಕರನ್ನು ಗಮನಿಸಿದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಮರುಕಳಿಕೆ ಶೇ. 35. ಶಸ್ತ್ರಚಿಕಿತ್ಸೆ ಮಾಡಿದರೂ, ಬರೀ ಡ್ರೆಸ್ಸಿಂಗ್‌ನಲ್ಲಿ ಗುಣಪಡಿಸಿದರೂ ವ್ಯತ್ಯಾಸ ಹೆಚ್ಚಿರಲಿಲ್ಲ. 2010ರ ಇನ್ನೊಂದು ವರದಿಯಲ್ಲಿ ಮಾಂಸಖಂಡ ಸರಿಸಿ ಮುಚ್ಚಿದ 227 ಶಸ್ತ್ರಚಿಕಿತ್ಸೆಗಳಲ್ಲಿ ಶೇ. 39 ಮರುಕಳಿಸಿದ್ದವು.

ಈ ಲೆಕ್ಕಗಳೆಲ್ಲ ದೊಡ್ಡ ಆಸ್ಪತ್ರೆ, ಒಳ್ಳೆಯ ಗಾಲಿಕುರ್ಚಿ, ತರಬೇತಾದ ದಾದಿಯರಿರುವ ದೇಶದವು. 'ಸೂಪರ್‌ಮ್ಯಾನ್' ಆಗಿ ನಟಿಸಿದ್ದ ಕ್ರಿಸ್ಟೊಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯಿಂದ ಕೆಳಗೆ ಚಲನೆ ಕಳೆದುಕೊಂಡಿದ್ದರು. 2004ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ಒತ್ತಡದ ಹುಣ್ಣಿನ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಹಣ, ದಾದಿಯರು, ಯಂತ್ರಗಳು ಯಾವುದಕ್ಕೂ ಅವರಲ್ಲಿ ಕೊರತೆ ಇರಲಿಲ್ಲ. ಆದುದರಿಂದ ಹುಣ್ಣು ಮರಳಿದರೆ ಅದು ನೋಡಿಕೊಳ್ಳುವವರ ಸೋಮಾರಿತನವೆಂದು ತೀರ್ಮಾನಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ಯಾರಿಗೆ ಅಪಾಯ ಹೆಚ್ಚು?

ಶಸ್ತ್ರಚಿಕಿತ್ಸೆ ತೂತನ್ನು ಮುಚ್ಚುತ್ತದೆ, ತೂತು ಮಾಡಿದ ಕಾರಣವನ್ನಲ್ಲ. ಕಾರಣ ಮನೆಯಲ್ಲೇ, ಅದೇ ಕುರ್ಚಿಯಲ್ಲೇ, ಅದೇ ದಿನಚರಿಯಲ್ಲೇ ಕಾದು ಕುಳಿತಿರುತ್ತದೆ. ಮರುಕಳಿಕೆಗೆ ದಾರಿಯಾಗುವ ಮುಖ್ಯ ಅಂಶಗಳು ಇವು.

ಜಾಗ: ಕುಳಿತಾಗ ಭಾರ ಹೊರುವ ಪೃಷ್ಠದ ಎಲುಬಿನ ಹುಣ್ಣು ಬೇರೆ ಜಾಗದ ಹುಣ್ಣುಗಳಿಗಿಂತ ಹೆಚ್ಚು ಮರುಕಳಿಸುತ್ತದೆ. ಕುಳಿತುಕೊಳ್ಳದೆ ಬದುಕು ಸಾಗುವುದಿಲ್ಲವಲ್ಲ. ಒಮ್ಮೆ ಒಂದೇ ಜಾಗದಲ್ಲಿ ಮರುಕಳಿಸಿದ್ದರೆ ಮೂರನೆಯ ಸಲ ಬರುವ ಸಂಭವ ಇನ್ನೂ ಜಾಸ್ತಿ.

ಪ್ರಾಯ: ಹುಣ್ಣು ಮೊದಲ ಸಲ ಬರುವುದು ಮುದುಕರಲ್ಲಿ ಹೆಚ್ಚು. ಆದರೆ ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸುವುದು 45 ದಾಟದವರಲ್ಲೇ ಹೆಚ್ಚೆಂದು 2010ರ ಅಧ್ಯಯನ ಕಂಡುಕೊಂಡಿತು. ಮೊದಲು ಆಶ್ಚರ್ಯವೆನಿಸಿದರೂ ಯೋಚಿಸಿದರೆ ಅರ್ಥವಾಗುತ್ತದೆ. ಪ್ರಾಯದವರು ಹೊರಗೆ ಹೋಗುತ್ತಾರೆ, ಕೆಲಸ ಮಾಡುತ್ತಾರೆ, ಗಂಟೆಗಟ್ಟಲೆ ಕುಳಿತಿರುತ್ತಾರೆ.

ಸಕ್ಕರೆ ಕಾಯಿಲೆ: ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅಂಕೆ 6ರ ಮೇಲಿದ್ದವರಲ್ಲಿ ಮರುಕಳಿಕೆ ಹೆಚ್ಚು ಎಂದು ಅದೇ ಅಧ್ಯಯನ ಹೇಳಿದೆ. ಎಲ್ಲರ ಸಕ್ಕರೆಯನ್ನು ಅಷ್ಟು ಕೆಳಗಿಳಿಸುವುದು ಕ್ಷೇಮವಲ್ಲ, ಗುರಿ ಎಷ್ಟೆಂದು ವೈದ್ಯರೇ ಹೇಳಬೇಕು. ಹುಣ್ಣು ಮಾಗಿತೆಂದು ಸಕ್ಕರೆ ಪರೀಕ್ಷೆ ನಿಲ್ಲಿಸುವಂತಿಲ್ಲ.

ರಕ್ತದ ಬಲ: ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೊಟೀನ್ 3.5ಕ್ಕಿಂತ ಕಡಿಮೆ ಇರುವುದು ಇನ್ನೊಂದು ಸೂಚನೆ. ರಕ್ತಹೀನತೆಯೂ ಸೇರಿದರೆ ಗಾಯಕ್ಕೆ ತಲುಪುವ ಆಮ್ಲಜನಕವೇ ಸಾಲದು.

ಬೀಡಿ, ಸಿಗರೇಟು: ಹೊಗೆ ಸಣ್ಣ ರಕ್ತನಾಳಗಳನ್ನು ಇನ್ನಷ್ಟು ಸಂಕುಚಿತಗೊಳಿಸುತ್ತದೆ. ಮಲಗಿದಲ್ಲೇ ಹೊತ್ತು ಹೋಗದೆ ಬೀಡಿ ಹೆಚ್ಚಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ.

ಸೆಟೆದ ಕೀಲು, ಸೆಳೆತ: ಕಾಲು ಮಡಚಿದಲ್ಲೇ ಬಿಗಿದುಕೊಂಡರೆ ರೋಗಿಯನ್ನು ಮಲಗಿಸಲು ಉಳಿಯುವುದು ಒಂದೋ ಎರಡೋ ಭಂಗಿ. ಭಾರವೆಲ್ಲ ಅದೇ ಎಲುಬಿಗೆ. ಸೆಳೆತದಿಂದ ಕಾಲು ಅದುರಿ ಬಟ್ಟೆಗೆ ಉಜ್ಜಿದರೆ ಚರ್ಮ ಸವೆಯುತ್ತದೆ.

ಎಲುಬಿನ ಸೋಂಕು: ಒಳಗಿನ ಎಲುಬಿನಲ್ಲಿ ಸೋಂಕು ಉಳಿದಿದ್ದರೆ ಮೇಲಿನ ಚರ್ಮ ಮುಚ್ಚಿದರೂ ಕೀವು ತನ್ನ ದಾರಿ ಹುಡುಕಿಕೊಳ್ಳುತ್ತದೆ. ಮಾಗಿದ ಜಾಗದಲ್ಲಿ ಸೂಜಿಮೊನೆಯಷ್ಟು ತೂತಾಗಿ ಆಗಾಗ ನೀರು ಒಸರುತ್ತಿದ್ದರೆ ಇದೇ ಇರಬಹುದು.

ಮನಸ್ಸು ಮತ್ತು ಮನೆ: ಬದುಕೇ ಬೇಡವಾದವನು ಮಗ್ಗುಲು ಬದಲಿಸಲು ಸಹಕರಿಸುವುದಿಲ್ಲ, ಊಟ ಬೇಡವೆನ್ನುತ್ತಾನೆ. ನೋಡಿಕೊಳ್ಳುವ ಹೆಂಗಸಿಗೆ ಬೆನ್ನು ನೋವು ಬಂದು ಅವಳೇ ಮಲಗಿದರೆ ಮನೆಯ ಕ್ರಮವೆಲ್ಲ ತಪ್ಪುತ್ತದೆ. ಇದನ್ನು ಯಾವ ರಕ್ತಪರೀಕ್ಷೆಯೂ ತೋರಿಸುವುದಿಲ್ಲ.

ಆಸ್ಪತ್ರೆ ಗಡಿಯಾಚೆ, ಮನೆ ಗಡಿಯೀಚೆ

ಇನ್ನೊಂದು ಅಂಶ ಪುಸ್ತಕಗಳಲ್ಲಿಲ್ಲ, ನಮ್ಮ ಊರಲ್ಲಿದೆ. ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಮನೆಗೆ ಬರುವ ದಾದಿ ಕೇರಳದ ಪಂಚಾಯತಿನವಳು. ಭಾವನನ್ನು ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. 'ಹಂತಹಂತವಾಗಿ ಕುಳಿತುಕೊಳ್ಳುವುದು' ಎಂಬರ್ಥದ ಎರಡೇ ಪದ ಅದರಲ್ಲಿದ್ದವು. ನಾವು ಅದನ್ನು 'ಇನ್ನು ಕುಳಿತುಕೊಳ್ಳಬಹುದು' ಎಂದು ಓದಿಕೊಂಡೆವು. ಎಷ್ಟು ನಿಮಿಷ, ಯಾವುದರ ಮೇಲೆ, ನಡುವೆ ಏನು ನೋಡಬೇಕು ಎಂದು ಅಲ್ಲಿ ಯಾರೂ ಕುಳಿತು ಹೇಳಲಿಲ್ಲ, ನಾವೂ ಕೇಳಲಿಲ್ಲ. ಭಾವ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಜಗಲಿಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ಅಂಗಳದಲ್ಲಿ ಒಣಹಾಕಿದ ಅಡಿಕೆ ಕಾಯುತ್ತಿದ್ದರು. ಮೂರು ವರ್ಷದ ಮೇಲೆ ಒಂದು ಕೆಲಸಕ್ಕೆ ಬಂದೆನೆಂಬ ಖುಷಿ ಅವರಿಗೆ. ನೋಡಿ ನಮಗೂ ಖುಷಿ.

ಹುಣ್ಣು ಮರಳಿದ್ದು 2020ರ ಮಾರ್ಚ್ ಮೊದಲ ವಾರ. ಆಪರೇಶನ್ ಮಾಡಿದ ವೈದ್ಯರಿಗೆ ತೋರಿಸುವ ಮೊದಲೇ ಕೊರೊನಾ ಬಂತು, ತಲಪಾಡಿ ಗಡಿ ಮುಚ್ಚಿತು. ಆಗ ಮನೆಗೆ ಬಂದದ್ದು ಪಂಚಾಯತಿನ ಪಾಲಿಯೇಟಿವ್ ದಾದಿ. ಹುಣ್ಣನ್ನು ನೋಡುವ ಮೊದಲು ಆಕೆ ಕೇಳಿದ್ದು, "ಕುಳಿತುಕೊಳ್ಳುವ ಕುರ್ಚಿ ಎಲ್ಲಿದೆ?" ಕುರ್ಚಿಯ ಸ್ಪಂಜನ್ನು ಕೈಯಲ್ಲಿ ಒತ್ತಿ ತೋರಿಸಿದರು. ಅದು ಹಪ್ಪಳದಂತೆ ಚಪ್ಪಟೆಯಾಗಿತ್ತು. ಭಾವ ನಾಲ್ಕು ತಿಂಗಳು ಕುಳಿತದ್ದು ಬಟ್ಟೆ ಸುತ್ತಿದ ಹಲಗೆಯ ಮೇಲೆ ಎಂದರೂ ತಪ್ಪಿಲ್ಲ.

ಆಕೆ "ಚರಿಚ್ಚು ಕಿಡತ್ತಣಂ" ಎಂದಾಗ ಅಕ್ಕನಿಗೆ ತಿಳಿಯಿತು, ಓರೆಯಾಗಿ ಮಲಗಿಸಬೇಕು ಎಂದು. ಎಷ್ಟು ಓರೆ ಎಂಬುದು ತಿಳಿಯಲು ಕೈಯಿಂದ ಮಾಡಿ ತೋರಿಸಬೇಕಾಯಿತು. ನಮ್ಮಲ್ಲಿ ತುಳು, ಕನ್ನಡ ಮಾತ್ರ ತಿಳಿದ ಅಜ್ಜಿಯರೇ ಎಷ್ಟೋ ಕಡೆ ರೋಗಿಯನ್ನು ನೋಡಿಕೊಳ್ಳುವವರು. ಭಾಷೆ ಅರ್ಧ ತಿಳಿದಲ್ಲಿ ಮಾಡಿ ತೋರಿಸಲು ಕೇಳಿ, ನಾಚಿಕೆ ಬೇಡ. ಅವರೆದುರೇ ಒಮ್ಮೆ ನೀವು ಮಾಡಿ, ಸರಿಯಿದೆಯೇ ಎಂದು ಕೇಳಿ.

ಮನೆಯಲ್ಲಿ ಏನು ಮಾಡಬೇಕು?

ದಿನಕ್ಕೆ ಎರಡು ಸಲ ಚರ್ಮ ನೋಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ. ಬಾಲದ ಎಲುಬು, ಪೃಷ್ಠದ ಎರಡು ಎಲುಬು, ಸೊಂಟದ ಪಕ್ಕ, ಹಿಮ್ಮಡಿ, ಕಾಲಿನ ಗಿಣ್ಣು, ತಲೆಯ ಹಿಂಭಾಗ. ಕೈಗೆ ಬಲವಿರುವ ರೋಗಿ ಕನ್ನಡಿ ಹಿಡಿದು ತಾನೇ ನೋಡಬಹುದು. ನಮ್ಮ ಕಪ್ಪು, ಕಂದು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ ಎಂಬುದು ನೆನಪಿರಲಿ. ಸುತ್ತಲಿಗಿಂತ ಹೆಚ್ಚು ಕಪ್ಪಾಗಿ ಅಥವಾ ನೇರಳೆಯಾಗಿ ಕಂಡರೆ, ಕೈಗೆ ಬಿಸಿ ಎನಿಸಿದರೆ, ಗಟ್ಟಿ ಅಥವಾ ಮೆದುವಾಗಿದ್ದರೆ ಅದೇ ಎಚ್ಚರಿಕೆ. ಅಂಥ ಜಾಗದ ಮೇಲೆ ಭಾರ ಬೀಳಲೇಬಾರದು, ಮೊದಲಿನಂತಾಗುವ ತನಕ.

ಹೊರಳಿಸುವುದು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಪೆಟ್ಟಿನ ಸೈನಿಕರ ವಿಭಾಗ ಆರಂಭಿಸಿದ ಲುಡ್ವಿಗ್ ಗುಟ್ಮನ್, ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಹೊರಳಿಸುವ ಕ್ರಮ ತಂದರು. ಅದಕ್ಕೆ ಮೊದಲು ಅಂಥವರಲ್ಲಿ ಹೆಚ್ಚಿನವರು ಹುಣ್ಣು, ಮೂತ್ರದ ಸೋಂಕಿನಿಂದ ಸಾಯುತ್ತಿದ್ದರು. ಎರಡು ಗಂಟೆ ಎಂಬುದು ಇಂದಿಗೂ ಒಳ್ಳೆಯ ಆರಂಭ. ಒಳ್ಳೆಯ ಹಾಸಿಗೆ ಇದ್ದು, ಚರ್ಮ ತಾಳುತ್ತದೆಂದು ಕಂಡರೆ ದಾದಿಯನ್ನು ಕೇಳಿ ರಾತ್ರಿಯ ಅಂತರ ಹೆಚ್ಚಿಸಬಹುದು. ಪೂರ್ತಿ ಮಗ್ಗುಲಿಗೆ ಮಲಗಿಸಿದರೆ ಸೊಂಟದ ಪಕ್ಕದ ಎಲುಬಿಗೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬಿಟ್ಟು ಸುಮಾರು 30 ಡಿಗ್ರಿ, ಎಂದರೆ ಅರ್ಧ ಮಗ್ಗುಲಿಗಿಂತಲೂ ಕಡಿಮೆ, ಓರೆ ಮಾಡಿದರೆ ಸಾಕು. ಮೀನಖಂಡದ ಅಡಿಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಮೇಲೆ ಸರಿಸುವಾಗ ಎಳೆಯಬೇಡಿ, ಇಬ್ಬರು ಸೇರಿ ಹಾಸುಬಟ್ಟೆಯೊಂದಿಗೆ ಎತ್ತಿ.

ಕುಳಿತುಕೊಳ್ಳುವುದು. ಹುಣ್ಣು ಮಾಗಿದ ಮೇಲೆ ಮೊದಲು ಕೂರುವುದು ಕಾಲು ಗಂಟೆ. ಮಲಗಿಸಿ ಆ ಜಾಗ ನೋಡಿ. ಬಣ್ಣ ಬದಲಾಗದಿದ್ದರೆ ಮರುದಿನ ಸ್ವಲ್ಪ ಹೆಚ್ಚು. ಬದಲಾಗಿದ್ದರೆ ಹಿಂದಿನ ಲೆಕ್ಕಕ್ಕೇ ಇಳಿಯಬೇಕು. ಹೀಗೆ ಏರಿಸಲು ವಾರಗಳು ಬೇಕು. ಶಸ್ತ್ರಚಿಕಿತ್ಸೆ ಆಗಿದ್ದರೆ ಯಾವ ದಿನದಿಂದ ಕೂರಬೇಕೆಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಕುಳಿತಾಗ ಕೈ ಊರಿ ಮೈ ಎತ್ತಿ ಕ್ಷಣದಲ್ಲೇ ಇಳಿಸಿದರೆ ಪ್ರಯೋಜನ ಕಡಿಮೆ. ಒತ್ತಿಹೋದ ಜಾಗಕ್ಕೆ ಆಮ್ಲಜನಕ ಮೊದಲಿನಷ್ಟು ಮರಳಲು ಸರಾಸರಿ 1 ನಿಮಿಷ 51 ಸೆಕೆಂಡು ಬೇಕೆಂದು ಬ್ರಿಟನ್ನಿನಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನ ಅಳೆದು ತೋರಿಸಿತು. ಅಷ್ಟು ಹೊತ್ತು ಕೈಯ ಮೇಲೆ ಮೈ ಎತ್ತಿ ಹಿಡಿಯಲು ಯಾರಿಗೂ ಆಗದು. ಎದುರಿಗೆ ಮೇಜಿಟ್ಟು ಮುಂದಕ್ಕೆ ಬಾಗುವುದು, ಅಥವಾ ಒಂದೊಂದು ಪಕ್ಕಕ್ಕೆ ವಾಲುವುದು ಸುಲಭ. ಕಾಲು ಗಂಟೆಯಿಂದ ಅರ್ಧ ಗಂಟೆಗೊಮ್ಮೆ, ಎರಡೆರಡು ನಿಮಿಷ.

ಹಾಸಿಗೆ, ದಿಂಬು. ಗಾಳಿಹಾಸಿಗೆ, ವಾಟರ್ ಬೆಡ್ ಇದ್ದರೆ ಹೊರಳಿಸುವುದು ಬೇಡವೆಂಬುದು ದೊಡ್ಡ ತಪ್ಪು ತಿಳಿವಳಿಕೆ. ಗಾಳಿಹಾಸಿಗೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ರೋಗಿಯ ಪೃಷ್ಠದ ನೇರಕ್ಕೆ ಹಾಸಿಗೆಯ ಅಡಿಯಲ್ಲಿ ಅಂಗೈ ತೂರಿಸಿ. ಎಲುಬು ಕೈಗೆ ತಾಗುವಂತಿದ್ದರೆ, ನಡುವೆ ಒಂದು ಇಂಚಿನಷ್ಟಾದರೂ ಗಾಳಿ ಇಲ್ಲದಿದ್ದರೆ, ಆ ಹಾಸಿಗೆ ಇದ್ದೂ ಇಲ್ಲದಂತೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಮೋಟಾರು ನಿಲ್ಲುತ್ತದೆ, ಆಗ ಹೊರಳಿಸುವ ಅಂತರ ಕಡಿಮೆ ಮಾಡಬೇಕು. ಗಾಲಿಕುರ್ಚಿಯ ಸ್ಪಂಜನ್ನು ಆಗಾಗ ಒತ್ತಿ ನೋಡಿ, ಒತ್ತಿದಲ್ಲೇ ಕುಳಿ ಉಳಿದರೆ ಬದಲಿಸಿ.

ಮಾಡಬಾರದ್ದು. ಔಷಧದಂಗಡಿಗಳಲ್ಲಿ ಸಿಗುವ ನಡುವೆ ತೂತಿರುವ ಟ್ಯೂಬಿನಂಥ ದಿಂಬು ಬೇಡ. ಅದರ ಅಂಚು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ರಕ್ತ ಬಾರದಂತೆ ಮಾಡುತ್ತದೆ. ನಮ್ಮ ಮನೆಯಲ್ಲೂ ಒಂದಿತ್ತು. ಎಲುಬಿನ ಮೇಲೆ ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಒಳಗೆ ಹಾಳಾದ ಮಾಂಸ ಇನ್ನಷ್ಟು ಹರಿಯುತ್ತದೆ. ಸ್ಪಿರಿಟ್ ಹಚ್ಚುವ ಹಳೆಯ ಕ್ರಮವೂ ಬೇಡ, ಚರ್ಮ ಒಣಗಿ ಬಿರಿಯುತ್ತದೆ. ಬಿಸಿನೀರಿನ ಚೀಲ ಇಡಲೇಬೇಡಿ, ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ.

ಒದ್ದೆ ಆಗದಂತೆ. ಡಯಾಪರ್ ತುಂಬುವ ತನಕ ಕಾಯಬೇಡಿ. ತೊಳೆದು, ಒರೆಸದೆ ಮೆಲ್ಲನೆ ಒತ್ತಿ ಒಣಗಿಸಿ, ಒದ್ದೆಯಿಂದ ಕಾಪಾಡಲು ವ್ಯಾಸಲಿನ್ ಅಥವಾ ಜಿಂಕ್ ಮುಲಾಮು ತೆಳ್ಳಗೆ ಹಚ್ಚಿ.

ಊಟ. ಹುಣ್ಣಿರುವವರಿಗೆ ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೊಟೀನ್ ಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. 50 ಕಿಲೋ ತೂಕದವರಿಗೆ ಸುಮಾರು 60ರಿಂದ 75 ಗ್ರಾಂ. ಮಾಗಿದ ಮೇಲೂ ಒಮ್ಮೆಗೇ ಕಡಿಮೆ ಮಾಡಬಾರದು. ನಮ್ಮಲ್ಲಿ ರೋಗಿಗೆ ಕೊಡುವುದು ಗಂಜಿ, ಉಪ್ಪಿನಕಾಯಿ. ಗಂಜಿಯಲ್ಲಿ ಪ್ರೊಟೀನ್ ತೀರಾ ಕಡಿಮೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, 100 ಗ್ರಾಂ ಬಂಗುಡೆ ಅಥವಾ ಬೂತಾಯಿಯಲ್ಲಿ 20 ಗ್ರಾಂ ಹತ್ತಿರ. ಮೀನು ತಿನ್ನದ ಮನೆಯಲ್ಲಿ ಹೆಸರು, ಹುರುಳಿ, ಕಡಲೆ, ಮೊಸರು ಹೆಚ್ಚಿಸಿ, ಗಂಜಿಗೇ ಹೆಸರುಕಾಳು ಹಾಕಿ ಬೇಯಿಸಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೊಟೀನ್ ಹೆಚ್ಚಿಸಬೇಕು.

ತಡಮಾಡಬಾರದ ಸೂಚನೆಗಳು

ಜ್ವರ, ಚಳಿ, ಮಂಕು ಕವಿದಂತೆ ಮಾತು ತಪ್ಪುವುದು, ಹುಣ್ಣಿನಿಂದ ದುರ್ವಾಸನೆ, ಸುತ್ತ ಕೆಂಪು ಹರಡುವುದು, ಒಳಗೆ ಎಲುಬು ಕಾಣುವುದು - ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರಿಗೆ ತೋರಿಸಬೇಕು. ಸೋಂಕು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಬೆನ್ನುಹುರಿಯ ಪೆಟ್ಟು ಎದೆಯ ಮಟ್ಟದಲ್ಲಿ ಅಥವಾ ಅದರ ಮೇಲಿದ್ದವರಿಗೆ ಒಮ್ಮೆಗೇ ತೀವ್ರ ತಲೆನೋವು, ಮುಖದಲ್ಲಿ ಬೆವರು ಬಂದರೆ ಬಿ.ಪಿ. ವಿಪರೀತ ಏರಿರಬಹುದು. ಕೆಳಗೆ ಎಲ್ಲೋ ಹುಣ್ಣು ಅಥವಾ ಕಟ್ಟಿಕೊಂಡ ಮೂತ್ರ ಅದಕ್ಕೆ ಕಾರಣವಾಗುವುದುಂಟು. ಎಬ್ಬಿಸಿ ಕುಳ್ಳಿರಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಹತ್ತಾರು ವರ್ಷಗಳಿಂದ ಮಾಗುತ್ತ, ಒಡೆಯುತ್ತ ಇರುವ ಹುಣ್ಣಿನ ಅಂಚು ಗಂಟುಗಂಟಾಗಿ ಬೆಳೆದರೆ, ರಕ್ತ ಒಸರಿದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸಬೇಕು. ಅಪರೂಪಕ್ಕೆ ಅಂಥ ಹಳೆಯ ಹುಣ್ಣು ಚರ್ಮದ ಕ್ಯಾನ್ಸರಾಗಿ ತಿರುಗುವುದಿದೆ.

ಸಹಾಯ ಎಲ್ಲಿದೆ?

ಪಾಲಿಯೇಟಿವ್ ಎಂದರೆ ಸಾಯುವವರಿಗೆ ಮಾತ್ರ ಎಂಬ ಭಾವನೆ ನಮ್ಮ ಕಡೆ ಗಟ್ಟಿಯಾಗಿದೆ. ಅದು ಸರಿಯಲ್ಲ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಸಾಂತ್ವನ ಚಿಕಿತ್ಸೆಯ ಕೆಲಸ ಊರೂರಿಗೆ ಹಬ್ಬಿ, 2008ರಲ್ಲಿ ಕೇರಳ ಸರಕಾರ ಅದಕ್ಕೊಂದು ನೀತಿಯನ್ನೇ ತಂದಿತು. ಪಂಚಾಯತು ಮತ್ತು ಪ್ರಾಥಮಿಕ ಅಥವಾ ಕುಟುಂಬ ಆರೋಗ್ಯ ಕೇಂದ್ರದ ಮೂಲಕ ದಾದಿ ಮನೆಗೇ ಬರುತ್ತಾರೆ. ಹಾಸಿಗೆ ಹಿಡಿದವರಿಗೆಲ್ಲ ಅದು ಸಲ್ಲುತ್ತದೆ. ವಾರ್ಡು ಸದಸ್ಯರಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ಹೇಳಿ ಹೆಸರು ನೋಂದಾಯಿಸಬೇಕು. ಹಲವೆಡೆ ಗಾಳಿಹಾಸಿಗೆ, ಗಾಲಿಕುರ್ಚಿ ಎರವಲಾಗಿಯೂ ಸಿಗುತ್ತವೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳದಲ್ಲಿ 'ಆಶ್ವಾಸಕಿರಣಂ' ಎಂಬ ಸಹಾಯಧನ ಯೋಜನೆಯೂ ಇದೆ. ಅದರ ವಿಚಾರವನ್ನು ಅಂಗನವಾಡಿ ಅಥವಾ ಪಂಚಾಯತು ಕಚೇರಿಯಲ್ಲಿ ಕೇಳಬಹುದು.

ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಗಿದ್ದರೆ ಮನೆಗೆ ಬಂದ ವಾರದೊಳಗೆ ಆಸ್ಪತ್ರೆಯ ಕಾಗದದ ಒಂದು ಪ್ರತಿಯನ್ನು ನಮ್ಮ ಆರೋಗ್ಯ ಕೇಂದ್ರಕ್ಕೆ ಕೊಡಿ. ದಾದಿಯ ಫೋನ್ ನಂಬರನ್ನು ಆ ಆಸ್ಪತ್ರೆಯವರಿಗೂ ಕೊಡಿ. ಗಡಿಯ ಎರಡು ಕಡೆಯವರು ಒಬ್ಬರನ್ನೊಬ್ಬರು ತಾವಾಗಿ ಹುಡುಕಿಕೊಂಡು ಬರುವುದಿಲ್ಲ, ನಡುವಿನ ಓಡಾಟ ನಾವೇ ಮಾಡಬೇಕು. ನಾವು ಇದೊಂದನ್ನು 2019ರಲ್ಲೇ ಮಾಡಿದ್ದರೆ ಆ ಚಪ್ಪಟೆ ಸ್ಪಂಜು ನಾಲ್ಕು ತಿಂಗಳು ಮೊದಲೇ ಯಾರದಾದರೂ ಕಣ್ಣಿಗೆ ಬೀಳುತ್ತಿತ್ತು.

ಭಾವನ ಹುಣ್ಣು ಎರಡನೆಯ ಸಲ ಮಾಗಲು ಏಳು ತಿಂಗಳು ಹಿಡಿಯಿತು, ಶಸ್ತ್ರಚಿಕಿತ್ಸೆ ಇಲ್ಲದೆ. ಈ ಸಲ ಯಾರೂ ಪಾಯಸ ಮಾಡಲಿಲ್ಲ. ಅಕ್ಕ ಹಳೆಯ ಕ್ಯಾಲೆಂಡರಿನ ಹಿಂದೆ ಗಂಟೆಯ ಲೆಕ್ಕ ಬರೆದು ಗೋಡೆಗೆ ತೂಗುಹಾಕಿದಳು. ಕುರ್ಚಿಗೆ ಹೊಸ ದಿಂಬು ಬಂತು. ಭಾವ ಈಗಲೂ ಅಡಿಕೆ ಕಾಯುತ್ತಾರೆ, ಆದರೆ ಒಂದು ಗಂಟೆ ಕುಳಿತರೆ ಮತ್ತೊಂದು ಗಂಟೆ ಜಗಲಿಯಲ್ಲೇ ಹಾಕಿದ ಮಂಚದಲ್ಲಿ ಓರೆಯಾಗಿ ಮಲಗಿ ಕಾಯುವುದು. ಎರಡು ವರ್ಷದ ಹಿಂದೆ ಒಮ್ಮೆ ಅದೇ ಜಾಗ ಬಿಸಿಯಾಗಿದೆಯೆಂದು ಅಕ್ಕನ ಕೈಗೆ ಗೊತ್ತಾಯಿತು. ನಾಲ್ಕು ದಿನ ಕುರ್ಚಿ ಮುಟ್ಟಲಿಲ್ಲ. ಐದನೆಯ ದಿನ ಬಣ್ಣ ಸರಿಯಾಯಿತು. ಚರ್ಮ ಒಡೆಯಲಿಲ್ಲ.